ಬಳ್ಳಿ ಸಾಕಿದ ಆಸ್ಪತ್ರೆ



ನಾನು 34 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಹುಟ್ಟಿದ್ದು ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಯುವ ಮನೆಯಲ್ಲಿ. ಅಪ್ಪನದು ನಾಲ್ಕು ಎಕರೆ ಪಡ, ಎಂದರೆ ದ್ರಾಕ್ಷಿ ತೋಟ. ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ, ಮಣೂಕ ಮಾಡಿ ಮಾರುತ್ತಿದ್ದರು. ದ್ರಾಕ್ಷಿಯಿಂದ ವೈನ್ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮಾತನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಗಳು ಓದಲೆಂದು ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಹೋಗಿದ್ದಾಳೆ. ಅವಳನ್ನು ನೋಡಲು ಒಂದು ಅಕ್ಟೋಬರಿನಲ್ಲಿ ಹೋದೆ. ಅವಳಿಗೆ ಮೂರು ದಿನ ರಜೆ ಸಿಕ್ಕಿತು. "ಅವ್ವಾ, ಬೋನ್‌ಗೆ ಹೋಗೂಣು" ಅಂದಳು. "ಅದು ವೈನಿನ ಊರಲ್ಲೇನ? ನನಗೇನೈತಿ ಅಲ್ಲಿ?" ಅಂದೆ. "ವೈನ್ ಬ್ಯಾಡ ಬಿಡು, ನಿನಗ ಒಂದು ದವಾಖಾನಿ ತೋರಸ್ತೀನಿ" ಅಂದಳು. ಅವಳು ತೋರಿಸಿದ ಆ ದವಾಖಾನೆಯ ಕಥೆ ಹೇಳಲು ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ದಿಜೋನಿನಿಂದ ಬೋನ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ದಕ್ಷಿಣಕ್ಕೆ ಹೊರಟ ರೈಲಿನ ಬಲಗಡೆ ಕಿಟಕಿಯಲ್ಲಿ ಒಂದು ಉದ್ದನೆಯ ದಿಬ್ಬ ಜೊತೆಜೊತೆಗೇ ಓಡಿ ಬರುತ್ತದೆ. ಅದರ ತಲೆಯ ಮೇಲೆ ಕಾಡು, ಪಾದದಲ್ಲಿ ಊರುಗಳು, ನಡುವಿನ ಇಳಿಜಾರಿನ ತುಂಬ ದ್ರಾಕ್ಷಿ. ಇದೇ ಬರ್ಗಂಡಿ ಸೀಮೆಯ ಕೋತ್ ದೋರ್, ಬಂಗಾರದ ಇಳಿಜಾರು. ಕಟಾವು ಮುಗಿದಿತ್ತು, ಎಲೆಯೆಲ್ಲ ಹಳದಿಗೆ ತಿರುಗಿತ್ತು. ಹೆಸರು ಸುಮ್ಮನೆ ಇಟ್ಟದ್ದಲ್ಲ ಅನ್ನಿಸಿತು.

ರೈತನ ಮಗಳ ಕಣ್ಣು ಊರಿಗಿಂತ ಮೊದಲು ಬಳ್ಳಿಯ ಮೇಲೆ ಬೀಳುತ್ತದೆ. ನಮ್ಮಲ್ಲಿ ಬಳ್ಳಿಯನ್ನು ಆಳೆತ್ತರಕ್ಕೆ ಏರಿಸಿ ಚಪ್ಪರಕ್ಕೆ ಹಬ್ಬಿಸುತ್ತೇವೆ. ಬಿಸಿಲು ನೇರ ಬೀಳದ ಹಾಗೆ ಗೊನೆಗಳು ಎಲೆಯ ನೆರಳಿನಲ್ಲಿ ತೂಗುತ್ತವೆ. ಅಲ್ಲಿ ಬಳ್ಳಿ ಸೊಂಟದ ಎತ್ತರವನ್ನೂ ದಾಟುವುದಿಲ್ಲ, ಗೊನೆ ಮೊಣಕಾಲಿನ ಹತ್ತಿರ ಬಿಡುತ್ತದೆ. ಹಗಲು ಕಾದ ಕಲ್ಲುನೆಲದ ಬಿಸಿ ಅದಕ್ಕೆ ಬೇಕು. ನಮ್ಮಲ್ಲಿ ಎಕರೆಗೆ ಸಾವಿರ ಗಿಡದ ಆಸುಪಾಸು. ಅಲ್ಲಿ ಮೀಟರಿಗೊಂದು ಗಿಡ, ಎಕರೆಗೆ ನಾಲ್ಕು ಸಾವಿರ. ಡ್ರಿಪ್ ಪೈಪು ಎಲ್ಲೂ ಕಾಣಲಿಲ್ಲ. ಮಳೆ ಎಷ್ಟು ಕೊಟ್ಟರೆ ಅಷ್ಟೇ. ನಮ್ಮ ಬಳ್ಳಿಗೆ ನಿದ್ದೆಯಿಲ್ಲ, ಹೀಗಾಗಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ. ಅಲ್ಲಿಯ ಬಳ್ಳಿ ಚಳಿಗಾಲವಿಡೀ ಸತ್ತ ಹಾಗೆ ಮಲಗುತ್ತದೆ. ಆಗ ಒಂದೇ ಚಾಟ್ನಿ. ನಾನು ರೈಲಿನಲ್ಲಿ ಕೂತಿದ್ದ ಹೊತ್ತಿಗೆ ನಮ್ಮ ತಮ್ಮ ಊರಲ್ಲಿ ಆಳು ಹಚ್ಚಿ ಚಾಟ್ನಿ ಮಾಡಿಸುತ್ತಿದ್ದ.

ಬೇರಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ದಾರಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ತೋಟಕ್ಕೆ ತೋಟವನ್ನೇ ಒಣಗಿಸಿತು. ಕೊನೆಗೆ ಅಮೆರಿಕದ ಕಾಡುಬಳ್ಳಿಯ ಬೇರಿನ ಮೇಲೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ ಉಳಿಸಿಕೊಂಡರು. ಉಪ್ಪುನೀರು, ಬರ ತಡೆಯಲೆಂದು ನಾವು ಇವತ್ತು ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತೇವಲ್ಲ, ಅದೂ ಅಮೆರಿಕದ್ದೇ.

ಬೋನ್ ಸಣ್ಣ ಊರು, ಜನ ಇಪ್ಪತ್ತು ಸಾವಿರದ ಆಸುಪಾಸು. ಸುತ್ತ ಹಳೆಯ ಕೋಟೆಗೋಡೆ ಇನ್ನೂ ನಿಂತಿದೆ. ಅದರ ಕೆಲವು ಬುರುಜುಗಳ ಒಳಗೆ ಈಗ ವೈನಿನ ಪೀಪಾಯಿಗಳಿವೆ. ದಪ್ಪನೆಯ ಗೋಡೆ, ವರ್ಷವಿಡೀ ಬದಲಾಗದ ತಂಪು, ಅದಕ್ಕಿಂತ ಒಳ್ಳೆಯ ನೆಲಮಾಳಿಗೆ ಬೇರೆ ಬೇಕೇ? ಬೀದಿಯಲ್ಲಿ ನಡೆಯುವಾಗ ಕಾಲ ಮಟ್ಟದ ಕಿಂಡಿಗಳಿಂದ ಒಂದು ವಾಸನೆ ಬರುತ್ತದೆ. ಹುಳಿ, ಒದ್ದೆ ಕಟ್ಟಿಗೆ, ಹಣ್ಣು ಮೂರೂ ಬೆರೆತದ್ದು. ಮಳೆಗೆ ಸಿಕ್ಕಿ ಶೆಡ್ಡಿನಲ್ಲಿ ಹಣ್ಣು ಹುಳಿತಾಗ ಅಪ್ಪನ ಮುಖ ಕಪ್ಪಿಡಿಸಿದ್ದ ವಾಸನೆಯೇ ಅದು. ಇಲ್ಲಿ ಅದು ಊರಿನ ಅನ್ನದ ವಾಸನೆ.

ಊರ ನಡುವೆ ಓತೆಲ್ ದಿಯೂ ಇದೆ. ಆ ಹೆಸರಿನ ಅರ್ಥ ದೇವರ ಮನೆ. ಹಳೆಯ ಫ್ರಾನ್ಸಿನಲ್ಲಿ ಬಡವರ ಆಸ್ಪತ್ರೆಗೆ ಹಾಗೆ ಕರೆಯುತ್ತಿದ್ದರು. ಬೀದಿಯಿಂದ ನೋಡಿದರೆ ಬೂದು ಕಲ್ಲುಹೆಂಚಿನ ಎತ್ತರದ ಮಾಡು, ಉದ್ದನೆಯ ಗೋಡೆ, ಅಷ್ಟೇ. ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟರೆ ಮೂರು ಕಡೆಯ ಮಾಡಿನ ಮೇಲೆ ಕೆಂಪು, ಕಂದು, ಹಳದಿ, ಹಸಿರು ಹೊಳಪಿನ ಹೆಂಚುಗಳು. ಇಳಕಲ್ ಸೀರೆಯ ಅಂಚಿನ ಹಾಗೆ ಲೆಕ್ಕ ಹಾಕಿ ನೇಯ್ದಂತಿವೆ. ಬಣ್ಣವನ್ನೆಲ್ಲ ಒಳಗಿನವರಿಗೆ, ಎಂದರೆ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಟ್ಟಿದ್ದಾರೆ. ಆ ಅಂಗಳದಲ್ಲಿ ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಕಟ್ಟಿಸಿದವನು ನಿಕೊಲಾ ರೋಲಾಂ, ಬರ್ಗಂಡಿಯ ಡ್ಯೂಕ್ ಫಿಲಿಪ್‌ನ ಮಂತ್ರಿ. ನೂರು ವರ್ಷಗಳ ಯುದ್ಧದ ಕೊನೆಯ ಕಾಲ ಅದು. ಸಂಬಳ ನಿಂತ ಸೈನಿಕರು ಗುಂಪು ಕಟ್ಟಿಕೊಂಡು ಹಳ್ಳಿ ಸುಲಿಯುತ್ತಿದ್ದರು. ಬರ ಬಿದ್ದಿತ್ತು. 1443ರ ಆಗಸ್ಟ್ 4ರಂದು ರೋಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಾಲಾಂ ಆಸ್ಪತ್ರೆಯ ದತ್ತಿಪತ್ರ ಬರೆದರು. 1452ರ ಜನವರಿ 1ಕ್ಕೆ ಮೊದಲ ರೋಗಿ ಒಳಗೆ ಬಂದರು. ರೋಲಾಂ ಪುಣ್ಯವಂತ ಎಂದು ಎಲ್ಲರೂ ಒಪ್ಪುವುದಿಲ್ಲ. ಅಷ್ಟು ಜನರನ್ನು ಬಡವರನ್ನಾಗಿ ಮಾಡಿದವನು ಬಡವರಿಗೊಂದು ಆಸ್ಪತ್ರೆ ಕಟ್ಟಿಸುವುದು ನ್ಯಾಯವೇ ಎಂದು ಫ್ರಾನ್ಸಿನ ರಾಜ 11ನೇ ಲೂಯಿ ಹೇಳಿದನಂತೆ. ಆ ಮಾತು ಇನ್ನೂ ಊರಲ್ಲಿ ಓಡಾಡುತ್ತದೆ. ಇರಬಹುದು. ನನಗೆ ಗಿಗೋನ್ ಹೆಚ್ಚು ಹಿಡಿಸಿದಳು. ಗಂಡ 1462ರಲ್ಲಿ ತೀರಿಕೊಂಡ ಮೇಲೆ ಆಕೆ ಅರಮನೆಯಂಥ ಮನೆಗಳನ್ನು ಬಿಟ್ಟು ಈ ಆಸ್ಪತ್ರೆಗೇ ಬಂದಳು. 1470ರಲ್ಲಿ ತೀರಿದಾಗ ಆಕೆಯನ್ನು ಮಣ್ಣು ಮಾಡಿದ್ದು ವಾರ್ಡಿನ ತುದಿಯ ಪ್ರಾರ್ಥನಾ ಮಂದಿರದಲ್ಲಿ. ನೆಲದ ಹೆಂಚುಗಳ ಮೇಲೆ ಗಂಡ ಹೆಂಡತಿಯ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದಿದ್ದಾರೆ. ಪಕ್ಕದಲ್ಲೊಂದು ನಕ್ಷತ್ರ, ಒಂದು ಪದ. ಆಕೆಯೊಬ್ಬಳೇ ಎಂದು ಅದರ ಅರ್ಥ.

ಬಡವರ ಹಜಾರ ಎಂದು ಅವರು ಕರೆಯುವ ಆ ವಾರ್ಡಿಗೆ ಬರುತ್ತೇನೆ. 50 ಮೀಟರ್ ಉದ್ದ, 14 ಮೀಟರ್ ಅಗಲ, 16 ಮೀಟರ್ ಎತ್ತರ. ಮೇಲೆ ನೋಡಿದರೆ ಬೋರಲು ಹಾಕಿದ ದೋಣಿಯ ಒಳಗೆ ನಿಂತ ಹಾಗೆ. ಅಡ್ಡತೊಲೆಗಳ ಎರಡೂ ತುದಿಯನ್ನು ಬಣ್ಣಬಣ್ಣದ ರಾಕ್ಷಸ ಪ್ರಾಣಿಗಳು ಬಾಯಲ್ಲಿ ಕಚ್ಚಿ ಹಿಡಿದಿವೆ. ಎರಡು ಗೋಡೆಗೂ ಸಾಲು ಮಂಚಗಳು, ಒಟ್ಟು 28. ಈಗ ಕಾಣುವ ಮಂಚಗಳನ್ನು 19ನೇ ಶತಮಾನದಲ್ಲಿ ಮಾಡಿಸಿದರು, ಆದರೆ ಸಾಲು, ಜಾಗ ಎಲ್ಲ ಹಳೆಯದೇ. ಕೆಂಪು ಹೊದಿಕೆ, ಕೆಂಪು ಪರದೆ. ಮಗ್ಗುಲಲ್ಲಿ ಒಂದು ಕುರ್ಚಿ, ಸಣ್ಣ ಮೇಜು, ತವರದ ಪಾತ್ರೆ.

ಜನ ಫೋಟೋ ತೆಗೆಯುತ್ತಿದ್ದರು. ನಾನು ಹೆಜ್ಜೆ ಎಣಿಸುತ್ತಿದ್ದೆ. ಒಬ್ಬಳೇ ನೈಟ್ ಡ್ಯೂಟಿಯಲ್ಲಿದ್ದರೆ ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ? ಮಂಚದ ಎರಡೂ ಬದಿ ಕೈ ಆಡಿಸಲು ಜಾಗ ಇದೆಯೇ? ಮೇಲಿನ ಆ ಎತ್ತರ ಚಂದಕ್ಕೆ ಮಾತ್ರವಲ್ಲ, ಬಿಸಿಯಾದ ಕೆಟ್ಟ ಗಾಳಿ ಮೇಲೇರಲು ದಾರಿ. ಪ್ರತಿ ಮಂಚಕ್ಕೂ ಪರದೆ. ಇಡೀ ವಾರ್ಡಿಗೆ ಒಂದೇ ಸ್ಕ್ರೀನು ಇದ್ದ ಕಡೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಹೆಣ್ಣುಮಗಳೊಬ್ಬಳಿಗೆ ಬೆಡ್‌ಪ್ಯಾನ್ ಕೊಡಬೇಕಾದರೆ ಆ ಸ್ಕ್ರೀನನ್ನು ದರದರ ಎಳೆದುಕೊಂಡು ಬರಬೇಕು. ಆ ಸದ್ದಿಗೇ ಉಳಿದವರೆಲ್ಲ ತಿರುಗಿ ನೋಡುತ್ತಾರೆ. 15ನೇ ಶತಮಾನದಲ್ಲಿ ಯಾರೋ ಕೂತು ಬಡವನಿಗೂ ನಾಚಿಕೆ ಇದೆ ಎಂದು ಯೋಚಿಸಿದ್ದಾರೆ ನೋಡಿ. ಹಾಗೆಂದು ಎಲ್ಲವೂ ಸರಿ ಇತ್ತು ಅನ್ನಲಾರೆ. ಒಂದೊಂದು ಮಂಚದಲ್ಲಿ ಇಬ್ಬಿಬ್ಬರನ್ನು ಮಲಗಿಸುತ್ತಿದ್ದರು. ಬಳಿಕ, 1658ರಲ್ಲಿ 14ನೇ ಲೂಯಿ ಇಲ್ಲಿಗೆ ಬಂದ. ಗಂಡಸರು ಹೆಂಗಸರು ಒಂದೇ ಕಡೆ ಇರುವುದನ್ನು ಕಂಡು, ಬೇರೆ ಮಾಡಲೆಂದು ಹಣ ಕೊಟ್ಟ.

ಸೇವೆ ಮಾಡುತ್ತಿದ್ದ ಸಿಸ್ಟರುಗಳಿಗೆ ಜೀವನಪರ್ಯಂತದ ವ್ರತ ಇರಲಿಲ್ಲ. ಮದುವೆಯಾಗಬೇಕು ಅನ್ನಿಸಿದರೆ ಬಿಟ್ಟು ಹೋಗಬಹುದಿತ್ತು. ಎಷ್ಟೋ ಜನ ಹೋಗದೆ ಅಲ್ಲೇ ಮುದುಕಿಯರಾದರು.

ವಾರ್ಡಿನ ತುದಿಗೆ ಪ್ರಾರ್ಥನಾ ಮಂದಿರ. ಏಳಲಾಗದವರೂ ಮಲಗಿದಲ್ಲಿಂದಲೇ ಪೂಜೆ ನೋಡಲಿ ಎಂಬ ಏರ್ಪಾಡು. ವೇದಿಕೆಯ ಹಿಂದೆ ರೋಗಿಯರ್ ವಾನ್ ಡರ್ ವೇಡನ್ ಬರೆದ ಕೊನೆಯ ತೀರ್ಪಿನ ಚಿತ್ರ ಇತ್ತು. ಒಂಬತ್ತು ಹಲಗೆಯ, ಮಡಚುವ ಚಿತ್ರ. ವಾರದ ದಿನ ಮುಚ್ಚಿರುತ್ತಿತ್ತು, ಭಾನುವಾರ ಮತ್ತು ಹಬ್ಬದಂದು ತೆರೆಯುತ್ತಿದ್ದರು. ಈಗ ಅದಕ್ಕೊಂದು ಮಂದ ಬೆಳಕಿನ ಕೋಣೆ, ಎದುರಿಗೆ ಆಚೀಚೆ ಜರುಗುವ ದೊಡ್ಡ ಭೂತಗನ್ನಡಿ. ನಡುವೆ ಬಿಳಿ ನಿಲುವಂಗಿಯ ದೇವದೂತ ಮೈಕೇಲ, ಕೈಯಲ್ಲಿ ತಕ್ಕಡಿ, ಎರಡು ತಟ್ಟೆಯಲ್ಲಿ ಎರಡು ಪುಟ್ಟ ಬೆತ್ತಲೆ ಜೀವ. ಪಾಪದ ತಟ್ಟೆ ಕೆಳಗಿಳಿದಿದೆ. ಒಂದು ಕಡೆ ಜನ ಸ್ವರ್ಗದ ಬಾಗಿಲಿಗೆ ನಡೆಯುತ್ತಿದ್ದಾರೆ, ಇನ್ನೊಂದು ಕಡೆ ಬೆಂಕಿಗೆ ಉರುಳುತ್ತಿದ್ದಾರೆ. ಅಲ್ಲಿ ದೂಡಲು ಯಮಭಟರಿಲ್ಲ. ತಮ್ಮ ಭಾರಕ್ಕೆ ತಾವೇ ಬೀಳುತ್ತಿದ್ದಾರೆ.

ಕಲೆ ತಿಳಿದವರು ಈ ಚಿತ್ರವನ್ನು ಬಹಳ ಹೊಗಳುತ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಉಸಿರು ಎಣಿಸುತ್ತ ಮಲಗಿದವನಿಗೆ ಭಾನುವಾರ ಬೆಳಗ್ಗೆ ಇದನ್ನು ತೋರಿಸಬೇಕೇ? ಸಾಯುವವರ ಕೈ ಹಿಡಿದು ಕೂತಾಗ ಅವರಲ್ಲಿ ಹೆಚ್ಚಿನವರ ಕಣ್ಣಲ್ಲಿ ನಾನು ಕಂಡದ್ದು ಭಯವನ್ನೇ. ಅದರ ಮೇಲೆ ಇನ್ನಷ್ಟು ಭಯ ಹೇರುವ ಮನಸ್ಸು ನನಗಿಲ್ಲ. ಮಗಳು ಬೇರೆ ಮಾತು ಹೇಳಿದಳು: "ಅವ್ವಾ, ಆಗಿನವರಿಗೆ ಔಷಧ ಎಷ್ಟಿತ್ತು? ಕೊನೀಗೆ ಯಾರೋ ನಮ್ಮ ಲೆಕ್ಕ ನೋಡ್ತಾರ ಅನ್ನೂದು ಬಡವಗ ಧೈರ್ಯ ಆಗಿರಬೇಕು, ಸಾಹುಕಾರಗೂ ಅದೇ ತಕ್ಕಡಿ ಅಲ್ಲ?" ಅವಳ ಮಾತಿನಲ್ಲೂ ಹುರುಳಿದೆ. ನಾನು ಇನ್ನೂ ಅದನ್ನೇ ಯೋಚಿಸುತ್ತಿದ್ದೇನೆ.

ಮುಂದಿನ ಒಂದು ಕೋಣೆಯ ನೆಲದಲ್ಲಿ ಗಾಜು ಕೂರಿಸಿದ್ದಾರೆ. ಕೆಳಗೆ ಬುಜೇಸ್ ಎಂಬ ತೊರೆ ಹರಿಯುತ್ತದೆ. ಆಸ್ಪತ್ರೆಯ ಕೊಳೆನೀರನ್ನು ಅದಕ್ಕೇ ಬಿಡುತ್ತಿದ್ದರು. ಕೆಳಗಿನ ಊರಿನವರ ಗತಿ ಏನಾಯಿತೋ. ಅಡುಗೆಮನೆಯಲ್ಲಿ 1698ರ ಒಂದು ಯಂತ್ರ, ಬೆಂಕಿಯ ಮುಂದೆ ಮಾಂಸದ ಸಲಾಕೆ ತಾನೇ ತಿರುಗುವಂಥದ್ದು. ಔಷಧಿ ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ಗೋಡೆ ತುಂಬ ಪಿಂಗಾಣಿ ಜಾಡಿಗಳು, ಗಾಜಿನ ಭರಣಿಗಳು. ಮಗಳು ಚೀಟಿಗಳನ್ನು ಓದಿ ಹೇಳಿದಳು. ಒಂದರಲ್ಲಿ ಕಲ್ಲಡಿಯ ಹುಳುವಿನ ಪುಡಿ. ಒಂದರಲ್ಲಿ ಸಿಗಡಿಯ ಜಾತಿಯ ಪ್ರಾಣಿಯ ಕಣ್ಣುಗಳು ಎಂದು ಬರೆದಿದೆ. ಇನ್ನೊಂದರ ಹೆಸರನ್ನು ಅವಳು ಓದುವ ಮೊದಲೇ ನಾನು ಗುರುತಿಸಿದೆ: ನಕ್ಸ್ ವೊಮಿಕಾ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಕಾಸರಕದ ಬೀಜ ಅದು. ವಿಷ, ಅಳೆದು ಕೊಟ್ಟರೆ ಔಷಧಿ. ಆ ಬೀಜ ನಮ್ಮ ಭಾರತ, ಶ್ರೀಲಂಕಾ ಕಡೆಯ ಕಾಡುಗಳದ್ದು. ಕಡಲು ದಾಟಿ ಇಷ್ಟು ದೂರ ಬಂದು ಜಾಡಿಯಲ್ಲಿ ಕೂತಿದೆ.

ಇಷ್ಟೆಲ್ಲ ನಡೆಸಲು ದುಡ್ಡು ಎಲ್ಲಿಂದ? ನನಗೆ ಎಲ್ಲ ಆಸ್ಪತ್ರೆಯಲ್ಲೂ ಮೊದಲು ಬರುವ ಪ್ರಶ್ನೆ ಇದು. ಬಟ್ಟೆ ಒಗೆಯುವವರಿಗೆ ಸಂಬಳ ಆಗಿದೆಯೇ, ಹತ್ತಿ ಇದೆಯೇ ಎಂದು ಕೇಳುತ್ತ ಕೇಳುತ್ತ ಬಂದ ಅಭ್ಯಾಸ. ರೋಲಾಂ ದಂಪತಿ ಉಪ್ಪಿನ ಬಾವಿಗಳಿಂದ ಬರುವ ಹುಟ್ಟುವಳಿಯನ್ನು ಬರೆದುಕೊಟ್ಟಿದ್ದರು. 1457ರಲ್ಲಿ ಗಿಯೆಮೆತ್ ಲೆವರ್ನಿಯೆ ಎಂಬ ಹೆಣ್ಣುಮಗಳು ತನ್ನ ದ್ರಾಕ್ಷಿ ತೋಟವನ್ನು ಆಸ್ಪತ್ರೆಗೆ ಕೊಟ್ಟಳು. ಅದು ಮೊದಲ ತೋಟ. ಆಮೇಲೆ ಐದು ಶತಮಾನ ಜನ ಕೊಡುತ್ತಲೇ ಬಂದರು. ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ. ಇವತ್ತು ಆಸ್ಪತ್ರೆಯ ಹೆಸರಿನಲ್ಲಿ ಸುಮಾರು 60 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 150 ಎಕರೆ ದ್ರಾಕ್ಷಿ ಇದೆ. ಅದರಲ್ಲಿ ಬಹುಪಾಲು ಮೇಲಿನ ದರ್ಜೆಯ ನೆಲ.

ನೆಲದ ದರ್ಜೆ ಎಂದರೆ ಅಲ್ಲಿ ಮೊಳಕ್ಕೊಂದು ಲೆಕ್ಕ. ಇಳಿಜಾರಿನ ನಡುವಿನ ಪಟ್ಟಿ ಬಹಳ ಒಳ್ಳೆಯದು. ಮೇಲೆ ಹೋದರೆ ಮಣ್ಣು ತೆಳು, ಕೆಳಗೆ ಬಂದರೆ ನೀರು ನಿಲ್ಲುವ ಜಿಗುಟು. ಹೆಸರಿಟ್ಟು ಗುರುತಿಸಿದ ತುಂಡುಗಳಿಗೆ ಕ್ಲಿಮಾ ಎನ್ನುತ್ತಾರೆ. ಅಂಥವು 1,247. ಅವುಗಳಿಗೆ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಎರಡನೆಯ ದಿನ ನಾವಿಬ್ಬರೂ ತೋಟಗಳ ನಡುವಿನ ದಾರಿಯಲ್ಲಿ ಪೊಮಾರ್ ಎಂಬ ಹಳ್ಳಿಯವರೆಗೆ ನಡೆದೆವು. ಸೊಂಟದೆತ್ತರದ ಕಲ್ಲಿನ ಪೌಳಿ, ಮಧ್ಯೆ ಮಧ್ಯೆ ತೋಟದ ಹೆಸರು ಕೊರೆದ ಕಲ್ಲುಗಳು. ಕೆಂಪು ವೈನಿಗೆ ಪಿನೋ ನುಆರ್, ಬಿಳಿಯದಕ್ಕೆ ಶಾರ್ದೊನೆ, ಹೆಚ್ಚಾಗಿ ಈ ಎರಡೇ ತಳಿ. 1395ರಷ್ಟು ಹಿಂದೆಯೇ ಅಲ್ಲಿಯ ಡ್ಯೂಕ್, ಹೆಚ್ಚು ಇಳುವರಿ ಕೊಡುವ ಗಾಮೆ ತಳಿಯನ್ನು ಕಿತ್ತು ಹಾಕಿ ಎಂದು ಆಜ್ಞೆ ಹೊರಡಿಸಿದ್ದ.

ಕೊಯ್ಲಿನಲ್ಲಿ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಪುಟ್ಟ ಗೊನೆ ಕಂಡಿತು. ಕಾಳುಮೆಣಸಿನ ಗೊಂಚಲಿನಷ್ಟು ಬಿಗಿ. ಇಷ್ಟು ಸಣ್ಣ ಹಣ್ಣನ್ನು ನಮ್ಮ ಮಾರ್ಕೆಟ್ಟಿನಲ್ಲಿ ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಆಸ್ಪತ್ರೆಯ ತೋಟದ ವೈನನ್ನು 1859ರಿಂದ ಹರಾಜು ಹಾಕುತ್ತಾರೆ. ನವೆಂಬರಿನ ಮೂರನೆಯ ಭಾನುವಾರ, ಓತೆಲ್ ದಿಯೂ ಎದುರಿನ ಸಂತೆಮಾಳಿಗೆಯಲ್ಲಿ. ಸೆಪ್ಟೆಂಬರಿನಲ್ಲಿ ಕೊಯ್ದ ಹಣ್ಣು ಅಷ್ಟರಲ್ಲಿ ಪೀಪಾಯಿ ಸೇರಿರುತ್ತದೆ ಅಷ್ಟೇ, ಇನ್ನೂ ಎಳೆಯದು. ಕೊಂಡವರು ಅದನ್ನು ತಿಂಗಳುಗಟ್ಟಲೆ ಬೆಳೆಯಲು ಬಿಡಬೇಕು. ಒಂದು ಪೀಪಾಯಿ 228 ಲೀಟರ್, ಸುಮಾರು 300 ಬಾಟಲಿ. ಹಿಂದೆ ಸಣ್ಣ ಮೋಂಬತ್ತಿ ಹೊತ್ತಿಸಿ, ಅದು ನಂದುವ ಹೊತ್ತಿಗೆ ಕೊನೆಯ ಬೆಲೆ ಕೂಗಿದವನಿಗೆ ಮಾಲು ಕೊಡುತ್ತಿದ್ದರು. 1978ರಿಂದ ಪ್ರತಿ ವರ್ಷ ಒಂದು ವಿಶೇಷ ಪೀಪಾಯಿ ಬೇರೆ ಇಡುತ್ತಾರೆ. ಅದರ ಹಣ ಹೊರಗಿನ ಸೇವಾ ಸಂಸ್ಥೆಗಳಿಗೆ. 2022ರಲ್ಲಿ ಆ ಒಂದು ಪೀಪಾಯಿ 8,10,000 ಯೂರೊಗೆ ಹೋಯಿತು. 2015ರಿಂದ ಈ ತೋಟಗಳನ್ನೂ ವೈನನ್ನೂ ನೋಡಿಕೊಳ್ಳುತ್ತಿರುವವರು ಲುದಿವೀನ್ ಗ್ರಿವೋ. ಆ ಹುದ್ದೆಗೆ ಬಂದ ಮೊದಲ ಹೆಂಗಸು.

ಇಲ್ಲಿ ನನ್ನ ಮನಸ್ಸಿನ ಒಂದು ಮಾತನ್ನು ಹೇಳಲೇಬೇಕು. ಮೇಲ್ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಕುಡಿತ ಎಂದರೆ ಏನೆಂದು ಗೊತ್ತಿರುತ್ತದೆ. ಕಣ್ಣು ಹಳದಿಯಾಗಿ, ಹೊಟ್ಟೆ ನೀರು ತುಂಬಿ ಉಬ್ಬಿ, ಕೈಕಾಲು ಕಡ್ಡಿಯಾಗಿ ಬರುವ ಮೂವತ್ತು, ಮೂವತ್ತೈದರ ಗಂಡಸರು. ಮಂಚದ ಕಾಲಿಗೆ ಒರಗಿ ಕೂತ ಅವರ ಹೆಂಡಂದಿರು. ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆಯುವಾಗ ಡಾಕ್ಟರ ಪಕ್ಕ ಎಷ್ಟು ಸಲ ಟ್ರೇ ಹಿಡಿದು ನಿಂತಿದ್ದೇನೋ ಲೆಕ್ಕವಿಲ್ಲ. ಅಂಥವಳಿಗೆ, ಅಮಲಿನ ದುಡ್ಡಿನಲ್ಲಿ ರೋಗಿಗಳನ್ನು ಸಾಕಿದರು ಎಂಬುದು ಗಂಟಲಲ್ಲಿ ಸಿಕ್ಕಿಕೊಂಡ ತುತ್ತು. ಫ್ರಾನ್ಸಿನಲ್ಲೂ ಈ ಚಿಂತೆ ಇದೆ. ಮದ್ಯದ ಜಾಹೀರಾತಿಗೆ ಅವರು 1991ರಲ್ಲೇ ಕಾನೂನಿನ ಮೂಗುದಾರ ಹಾಕಿದ್ದಾರೆ.

ಆದರೂ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಗಿಯೆಮೆತ್ ಹಣ ಕೊಟ್ಟಿದ್ದರೆ ಅದು ಆ ವರ್ಷದ ಅಕ್ಕಿಬೇಳೆಗೆ ಆಗಿ ಹೋಗುತ್ತಿತ್ತು. ಆಕೆ ನೆಲ ಕೊಟ್ಟಳು, ಜೊತೆಗೆ ದುಡಿಮೆಯನ್ನೂ ಕೊಟ್ಟ ಹಾಗಾಯಿತು. ಚಾಟ್ನಿ ಮಾಡಬೇಕು, ಮಣ್ಣು ಸಡಿಲಿಸಬೇಕು, ಏಪ್ರಿಲಿನ ಇಬ್ಬನಿ ಹಿಮವಾಗಿ ಚಿಗುರು ಸುಡದ ಹಾಗೆ ರಾತ್ರಿ ಎದ್ದು ಸಾಲುಸಾಲಿಗೆ ಬೆಂಕಿ ಹೊತ್ತಿಸಬೇಕು. ಇಷ್ಟು ಮಾಡುವವರು ಇರುವತನಕ ಆಕೆಯ ದಾನ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಹುಟ್ಟುತ್ತದೆ. ನಮ್ಮ ಕಡೆ ಶಾಸನಗಳಲ್ಲಿ ಗುಡಿಗೂ ಮಠಕ್ಕೂ ತೋಟ, ಗದ್ದೆ ಬಿಟ್ಟುಕೊಟ್ಟದ್ದನ್ನು ಕೊರೆದಿದ್ದಾರಲ್ಲ, ಅದನ್ನು ಬರೆಸಿದವರ ಮನಸ್ಸಿನಲ್ಲೂ ಇದೇ ಇದ್ದಿರಬೇಕು. ಬೋನ್‌ನಲ್ಲಿ ಅಂಥ ನೆಲ ಇನ್ನೂ ರೋಗಿಯ ಹೆಸರಿನಲ್ಲೇ ಉಳಿದಿದೆ.

ಹರಾಜಿನ ವೈನುಗಳಿಗೆ ದಾನಿಗಳ ಹೆಸರು ಇಟ್ಟಿದ್ದಾರೆ. ನಿಕೊಲಾ ರೋಲಾಂ ಹೆಸರಿನದು ಒಂದು, ಗಿಗೋನ್ ಹೆಸರಿನದು ಒಂದು. ಅಂಗಡಿಯೊಂದರ ಗಾಜಿನ ಹಿಂದೆ ಒಂದು ಬಾಟಲಿಯ ಚೀಟಿಯನ್ನು ಮಗಳು ಓದಿದಳು: ದಾಮ್ ಓಸ್ಪಿತಲಿಯೇರ್. ಎಂದರೆ ಆಸ್ಪತ್ರೆಯ ಆ ಸಿಸ್ಟರುಗಳ ಹೆಸರಿನ ವೈನು. ಅಂಗಡಿಯ ಅಜ್ಜ ನಾನು ನರ್ಸ್ ಎಂದು ಮಗಳಿಂದ ತಿಳಿದು ಎದ್ದು ನಿಂತರು. ಬೇರೆ ಯಾವುದೋ ಬಾಟಲಿಯಿಂದ ಲೋಟದಲ್ಲಿ ಎರಡು ಚಮಚದಷ್ಟು ಹಾಕಿ ಮುಂದಿಟ್ಟರು. ನಾನು ಕುಡಿಯುವುದಿಲ್ಲ ಎಂದು ಕೈ ಮುಗಿದೆ. ಮೂಸಿ ನೋಡಿ ಸಾಕು ಎಂದು ಸನ್ನೆ ಮಾಡಿದರು. ಮೂಸಿದೆ. ನೇರಳೆಹಣ್ಣು, ಮೊದಲ ಮಳೆಗೆ ನೆನೆದ ಎರೆಮಣ್ಣು. ಅಪ್ಪ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ.

ಬೋನ್‌ನಲ್ಲಿ ನೋಡುವುದು ಇನ್ನೂ ಇದೆ. ಶನಿವಾರದ ಸಂತೆ, 1840ರಿಂದ ಸಾಸಿವೆ ಅರೆಯುತ್ತಿರುವ ಫಾಲೋ ಮನೆತನದ ಕಾರ್ಖಾನೆ, ಈಗಲೂ ಅಲ್ಲಿ ಬೀಸುವ ಕಲ್ಲು ತಿರುಗುತ್ತದೆ. ಇನ್ನೊಂದು ವಿಷಯ ತಿಳಿದು ಬಹಳ ಸಂತೋಷವಾಯಿತು. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಉಪಕರಣವನ್ನು 1860ರ ಹೊತ್ತಿಗೆ ರೂಪಿಸಿದ ಎತಿಯೆನ್ ಜೂಲ್ ಮಾರೆ 1830ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಮಾನಿಟರಿನ ಮೇಲೆ ಓಡುವ ಆ ಗೆರೆಯನ್ನು ನೋಡುತ್ತ ನಾನು ಎಷ್ಟು ರಾತ್ರಿ ಕಳೆದಿದ್ದೇನೆ!

ಓತೆಲ್ ದಿಯೂದಲ್ಲಿ 1971ರವರೆಗೂ ರೋಗಿಗಳಿದ್ದರು. ಎಂದರೆ ನಾನು ಹುಟ್ಟಿದ ಮೇಲೂ! ಆ ವರ್ಷ ಅವರನ್ನೆಲ್ಲ ಹೊಸ ಆಸ್ಪತ್ರೆಗೆ ಸಾಗಿಸಿದರು. ಈಗ ಅಲ್ಲಿ ಚಿಕಿತ್ಸೆಯ ಬಹುಪಾಲು ಖರ್ಚು ಸಾಮಾಜಿಕ ವಿಮೆಯಿಂದ ಬರುತ್ತದೆ. ಹರಾಜಿನ ಹಣ ಯಂತ್ರಗಳಿಗೆ, ಕಟ್ಟಡಕ್ಕೆ, ಹಳೆಯ ಓತೆಲ್ ದಿಯೂ ಕಾಪಾಡುವುದಕ್ಕೆ. ಊರು ಬಿಡುವ ಮೊದಲು ಆ ಹೊಸ ಆಸ್ಪತ್ರೆ ನೋಡಬೇಕೆಂದು ಹಟ ಹಿಡಿದೆ. "ಅಲ್ಲೇನೈತಿ ಅವ್ವಾ ನೋಡಾಕ" ಎನ್ನುತ್ತಲೇ ಮಗಳು ಕರೆದುಕೊಂಡು ಹೋದಳು.

ಬಣ್ಣದ ಹೆಂಚಿಲ್ಲ, ರಾಕ್ಷಸ ತೊಲೆಯಿಲ್ಲ. ನಮ್ಮ ಜಿಲ್ಲಾಸ್ಪತ್ರೆಯ ಹಾಗೇ ಚೌಕ ಕಿಟಕಿಗಳ ಕಟ್ಟಡ. ಎದುರಿನ ಬೆಂಚಿನ ಮೇಲೆ ಕೂತೆವು. ಆಂಬುಲೆನ್ಸ್ ಒಂದು ಬಂತು, ಟ್ರಾಲಿಯ ಚಕ್ರದ ಸದ್ದು ಕೇಳಿಸಿತು. ಶಿಫ್ಟ್ ಬದಲಾಗುವ ಹೊತ್ತು. ನೀಲಿ ಅಂಗಿಯ ಹುಡುಗಿಯೊಬ್ಬಳು ಓಡೋಡಿ ಬಂದಳು. ಬಾಗಿಲಲ್ಲಿ ನಿಂತು ಕೂದಲು ಎತ್ತಿ ಕಟ್ಟಿ, ಎದೆಗೆ ಸಿಕ್ಕಿಸಿದ ಗಡಿಯಾರ ನೋಡಿಕೊಂಡು ಒಳಗೆ ಹೋದಳು. ನಾನು ಕೈಗಡಿಯಾರ ನೋಡಿದೆ. ಎರಡು ನಿಮಿಷ ಮೊದಲೇ ಬಂದಿದ್ದಳು.